ನೆತ್ತಿಯಿಂದ ಒಂದು ಗೇಣು

ಇವತ್ತು ಅಂಗನವಾಡಿಯಲ್ಲಿ ನರ್ಸಮ್ಮ ಮಗುವಿನಂಥ ಗೊಂಬೆಯೊಂದನ್ನು ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಬಡಿದು ತೋರಿಸಿದರು. ಗಂಟಲಿಗೆ ಸಿಕ್ಕಿದ್ದು ಹೀಗೆ ಹೊರಗೆ ಬರುತ್ತದಂತೆ. ಮೊಮ್ಮಗಳನ್ನು ಕರೆತರಲು ಹೋದವಳು ಬಾಗಿಲಲ್ಲೇ ಕುಳಿತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಒಂದು ದಿನ ನಮ್ಮ ಅಂಗಳದಲ್ಲಿ ಕೊಬ್ಬರಿ ಒಡೆಯುತ್ತಿದ್ದರು. ಮನೆ ತುಂಬ ಎಣ್ಣೆಯ ಕಮ್ಮನೆ ವಾಸನೆ. ಮೂರು ವರ್ಷದ ನನ್ನ ತಮ್ಮ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು ಓಡುತ್ತಿದ್ದವನು ತಟ್ಟನೆ ನಿಂತ. ಬಾಯಿ ತೆರೆದೇ ಇತ್ತು. ಕೆಮ್ಮಲಿಲ್ಲ, ಅಳಲೂ ಇಲ್ಲ.

"ನೆತ್ತಿಗತ್ತಿತು ಕಣೇ," ಎಂದು ಅಜ್ಜಿ ಅವನ ನೆತ್ತಿ ತಟ್ಟಿದಳು. "ನಿಮ್ಮವ್ವ ನೆನೆಸ್ಕೊತಾವ್ಳೆ ಬುಡು. ತವರಿಗೋದ್ರೂ ಮಗಿಂದೇ ಗ್ಯಾನ ಅವ್ಳಿಗೆ!"

ಕೊಬ್ಬರಿ ಒಡೆಯುವವರು ನಕ್ಕರು. ನಾನೂ ನಕ್ಕೆ.

ಅವನ ತುಟಿ ನೀಲಿಯಾಯಿತು. ಅಜ್ಜಿ ಬಾಯಿಗೆ ನೀರು ಹುಯ್ದಳು, ಹುಯ್ದದ್ದೆಲ್ಲ ಕಟಬಾಯಿಯಿಂದ ಹರಿದುಹೋಯಿತು. ನಾನು ದೇವರ ಮನೆಗೆ ಓಡಿ ವಿಭೂತಿ ತಂದು ಹಣೆಗೆ ಹಚ್ಚಿದೆ. ಅಜ್ಜಿ ಇನ್ನೂ ನೆತ್ತಿ ತಟ್ಟುತ್ತಲೇ ಇದ್ದಳು. ಅವನು ಅವಳ ತೋಳಿನಲ್ಲಿ ಜೋತುಬಿದ್ದಿದ್ದ.

ಸುದ್ದಿ ಕೇಳಿ ದಬ್ಬೇಘಟ್ಟದಿಂದ ಓಡಿ ಬಂದ ಅವ್ವನಿಗೆ ಅಜ್ಜಿ ಅದನ್ನೂ ಹೇಳಿದಳು, "ನೀನು ನೆನೆಸ್ಕೊಂಡೆ ಅಂದ್ಕೊಂಡೆ ಕಣವ್ವ."

"ನೆನೆಸ್ಕೊಂಡಿರ್ಲಿಲ್ಲ ಅತ್ತೆಮ್ಮ," ಎಂದಳು ಅವ್ವ. "ತಂಗಿ ಜೊತೆ ನಗ್ತಾ ಕೂತಿದ್ದೆ."

ದೇವರು ಕರೆದುಕೊಂಡ ಎಂದುಕೊಂಡೇ ಇಷ್ಟು ವರ್ಷ ತಮ್ಮನ ಹೆಸರಲ್ಲಿ ದೀಪ ಹಚ್ಚಿದೆ. ಇವತ್ತೂ ಹಚ್ಚಿದೆ. ಆಮೇಲೆ ಮಲಗಿದ್ದ ಮೊಮ್ಮಗಳ ನೆತ್ತಿಯಿಂದ ಹೆಗಲ ಮೂಳೆಗಳ ನಡುವಿನವರೆಗೆ ಕೈಯಿಟ್ಟು ಅಳೆದೆ. ಬರೀ ಒಂದು ಗೇಣು.