ವೈನಿಯ ಖೋಲಿ

ಬೆಳಗಿನ ಚಹಾ ತಂದುಕೊಡುವಾಗ ವೈನಿಯ ಎಡಗೆನ್ನೆಯ ಮೇಲೆ ಚಾಪೆಯ ಹೆಣಿಗೆ ಅಚ್ಚೊತ್ತಿರುತ್ತಿತ್ತು. ಮುಖ ತೊಳೆದು, ತಲೆ ಬಾಚಿ, ಬಿಗಿಯಾಗಿ ಹೆರಳು ಹಾಕಿಕೊಂಡಿದ್ದರೂ ಆ ಗೆರೆಗಳು ಬಿಸಿಲೇರುವ ತನಕ ಹೋಗುತ್ತಿರಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಕಲಬುರಗಿ ಕಡೆಯವರು. ಅಣ್ಣನಿಗೆ ಹೈದರಾಬಾದಿನ ಕಾರ್ಖಾನೆಯಲ್ಲಿ ಕೆಲಸ. ಕುಷಾಯಿಗೂಡದಲ್ಲಿ ಪುಟ್ಟ ಮನೆ, ಮಲಗುವ ಕೋಣೆ ಒಂದೇ. ಮೊದಲು ಅದರಲ್ಲಿ ಹಾಸಿಗೆ ಹಿಡಿದ ನಮ್ಮ ಅಪ್ಪ ಇದ್ದರು. ಅವರು ಹೋದ ಮೇಲೆ ಅಣ್ಣ, ವೈನಿ ಅದನ್ನು ತಮ್ಮ ಮಗಳ ಓದಿಗೆಂದು ಬಿಟ್ಟುಕೊಟ್ಟರು. ಮಗಳು ಮಾದಾಪುರದ ಕಂಪನಿ ಸೇರಿ, ಮದುವೆಯಾಗಿ ಆ ಕಡೆಗೇ ಮನೆ ಮಾಡಿದ ಮೇಲೆ ಕೋಣೆ ನೆಂಟರ ಪಾಲಾಯಿತು. ಸಾಫ್ಟ್‌ವೇರ್ ಕಾಲ. ಊರಿನ ಹುಡುಗರೆಲ್ಲ ಕಂಪ್ಯೂಟರ್ ಕೋರ್ಸಿಗೆ, ಇಂಟರ್‌ವ್ಯೂಗೆ ಹೈದರಾಬಾದಿಗೆ ಬರುತ್ತಿದ್ದರು. "ಊರಿಂದ ಬಂದವರಿಗೆ ಖೋಲಿ, ಮನಿಯವರಿಗೆ ಎಲ್ಲಾದರೂ ಜಾಗ" ಎನ್ನುತ್ತಿದ್ದರು ವೈನಿ. ಅವರ ಮಾತಿನಲ್ಲಿ ಕೋಣೆ ಎಂದರೆ ಖೋಲಿ. ಅವರ ಜಾಗ ಪಡಸಾಲೆಯ ನೆಲ, ಅಡುಗೆಮನೆಯ ಹೊಸ್ತಿಲ ಹತ್ತಿರ.

ನಾನು ಸೈನ್ಯದಿಂದ ನಿವೃತ್ತನಾಗಿ ಪಕ್ಕದ ಬೀದಿಗೆ ಬಂದಿದ್ದೆ. ವಾಕಿಂಗ್ ಮುಗಿಸಿ ದಿನವೂ ಅಲ್ಲೇ ಚಹಾ. ಅಣ್ಣ ತೀರಿಕೊಂಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ವೈನಿ ದನಿ ತಗ್ಗಿಸಿ, "ತಮ್ಮಾ, ಆ ಖೋಲಿ ನಾ ಇಟ್ಕೋಬೇಕಂತ ಮಾಡೀನಿ" ಎಂದರು. ಯಾರದೋ ವಸ್ತು ಕೇಳುವವರಂತೆ ನೆಲ ನೋಡುತ್ತಿದ್ದರು.

"ಇಟ್ಕೊಳ್ರಿ ವೈನಿ. ಬಿಳಿ ಸುಣ್ಣ ಹೊಡಸೂಣು, ಒಂದು ಕಬ್ಬಿಣದ ಮಂಚ ಸಾಕು" ಎಂದೆ.

"ನಿನ್ನ ಬ್ಯಾರಕ್ ಅಲ್ಲಪಾ ಇದು!"

ಮಗಳು ಬಂದವಳು ಫಾಲ್ಸ್ ಸೀಲಿಂಗ್, ಗಾಜಿನ ಬಾಗಿಲಿನ ಕಪಾಟು ಎಂದೆಲ್ಲ ಹೇಳಿದಳು. "ನಿನ್ನ ಆಫೀಸ್‌ನ್ಯಾಗ ಮಲಗಿದಂಗ ಆಗತೈತವ್ವಾ. ನನಗ ಹಳೀ ನಮೂನಿದು ಬೇಕು, ನಾನ ಮಾಡ್ಕೋತೀನಿ" ಎಂದು ಅವಳನ್ನೂ ಸುಮ್ಮನಾಗಿಸಿದರು.

ವೈನಿ ಮದುವೆಯಾಗಿ ಬಂದ ಹೊಸತರಲ್ಲಿ ಅಣ್ಣನ ಕಾರ್ಖಾನೆಯ ಅಧಿಕಾರಿಯೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದರಂತೆ. ತೆರೆದ ಬಾಗಿಲಿನಿಂದ ಒಳಕೋಣೆ ಕಂಡಿತ್ತು: ಸಾಸಿವೆ ಹೂವಿನ ಬಣ್ಣದ ಗೋಡೆ, ದುಂಡು ತಲೆಹಲಗೆಯ ತೇಗದ ಮಂಚ, ದೊಡ್ಡ ಹೂಗಳ ಪರದೆ, ಮೂಲೆಯಲ್ಲಿ ಕೆಂಪಗೆ ಒಂದು ದೀಪ. "ಚಳ್ಯಾಗ ಒಲಿ ಮುಂದ ಕುಂತಂಗ ಅನ್ನಿಸ್ತು ತಮ್ಮಾ. ಅವರು ಬಾಗಿಲಾ ಮುಚ್ಚಿಬಿಟ್ರು."

ಹೊಸ ಫ್ಲ್ಯಾಟಿಗೆ ಹೋಗುವವರೆಲ್ಲ ಹಳೆಯ ತೇಗವನ್ನು ಗುಜರಿಗೆ ಹಾಕುತ್ತಿದ್ದ ದಿನಗಳು ಅವು. ವೈನಿಗೆ ಬೇಕಾದಂಥ ಮಂಚ ಅಲ್ಲೇ ಸಿಕ್ಕಿತು. ಈ ಹಳೆಯದನ್ನು ಒಯ್ದು ಏನು ಮಾಡುತ್ತಾರೆಂದು ಗುಜರಿಯವನಿಗೇ ಆಶ್ಚರ್ಯ. "ಪುರಾನಾ ಮಾಲ್ ಹೈ ಅಮ್ಮಾ, ಲೇಕೆ ಕ್ಯಾ ಕರ್ತೇ?"

"ಮೈಂ ಭೀ ಪುರಾನಾಚ್ ಮಾಲ್ ಹೂಂ ಭಯ್ಯಾ, ಜೋಡಿ ಜಮೇಗಾ" ಎಂದರು ವೈನಿ. ತಾನೂ ಹಳೆಯ ಮಾಲೇ, ಜೋಡಿ ಹೊಂದುತ್ತದೆ ಎಂದು. ಅವನು ನಕ್ಕು ಕಾಲು ಮುರಿದ ಒಂದು ಸ್ಟೂಲನ್ನು ಸುಮ್ಮನೆ ಕೊಟ್ಟ.

ಕೋಠಿ ಪೇಟೆಯಲ್ಲಿ ಕಟ್‌ಪೀಸ್ ರಾಶಿ ಕೆದಕಿ ಕಿತ್ತಳೆ ಹೂಗಳ ಪರದೆ ಬಟ್ಟೆ ತಂದರು. ಬೇಗಂ ಬಜಾರಿನಿಂದ ತಂದ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಒಳಗೆ ಬಲ್ಬು ಇಳಿಬಿಟ್ಟೆವು. ತಮ್ಮ ಹಳೆಯ ಸೀರೆ, ಅಣ್ಣನ ಅಂಗಿಗಳನ್ನು ತುಂಡು ಮಾಡಿ ಕೌದಿ ಹೊಲಿದರು. ಗೋಡೆಗೆ ಬಣ್ಣ ಬಳಿದವನು ನಾನು. "ಇದು ಅರಿಶಿಣ ಆತು, ನಾ ಹೇಳಿದ್ದು ಸಾಸಿವಿ ಹೂ" ಎಂದು ಬಾಗಿಲಲ್ಲಿ ನಿಂತು ಕಾಡಿದರು. ಚೂರು ಬಿಳಿ ಬಣ್ಣ ಬೆರೆಸಿದ ಮೇಲೆಯೇ ಸಮಾಧಾನ.

ಎಲ್ಲ ಮುಗಿಯಿತು. ಸೋಮವಾರ ಒಳ್ಳೆಯ ದಿನ, ಅಂದಿನಿಂದ ಮಲಗುತ್ತೇನೆ ಎಂದರು. ಆ ಸೋಮವಾರವೇ ವೈನಿಯ ಸೋದರಳಿಯ, ಅವರ ತವರಿನ ಅಣ್ಣನ ಮಗ, ಗೆಳೆಯರಿಬ್ಬರೊಂದಿಗೆ ಇಂಟರ್‌ವ್ಯೂಗೆಂದು ಬಂದಿಳಿದ. ಬ್ಯಾಗುಗಳು ರೂಢಿಯಂತೆ ನೇರವಾಗಿ ಕೋಣೆಗೆ ಹೋದವು.

"ಅತ್ತಿ, ನಮ್ಮ ಖೋಲಿ ಭಾರಿ ಮಾಡೀರಿ! ಹಳೀ ಪಿಕ್ಚರ್ ಸೆಟ್ ಆಗೇತಿ!" ಎಂದ ಅಳಿಯ, ಕೌದಿಯ ಮೇಲೆ ಕಾಲು ಚಾಚಿ.

ಅಂದು ರಾತ್ರಿ ನನ್ನ ಊಟವೂ ಅಲ್ಲೇ. ವೈನಿ ರೊಟ್ಟಿ ಬಡಿದರು, ಬಡಿಸಿದರು. ಊಟವಾದ ಮೇಲೆ ಚಾಪೆ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಹೇಳಿಬಿಡೋಣ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು; ಆದರೆ ಅದು ಅವರೇ ಆಡಬೇಕಾದ ಮಾತು. ಅವರು ಪಡಸಾಲೆಯಲ್ಲಿ ಹುಡುಗರಿಗೆ ಸಾಲಾಗಿ ಹಾಸಿದರು, ಟೇಬಲ್ ಫ್ಯಾನನ್ನು ಅತ್ತ ತಿರುಗಿಸಿದರು.

"ಬ್ಯಾಗ್ ಹೊರಗ ತರ್ರಿ. ಆ ಖೋಲಿ ನಂದೈತಿ."

"ಚಾಷ್ಟಿ ಮಾಡಬ್ಯಾಡ್ರಿ ಅತ್ತಿ" ಎಂದು ಅಳಿಯ ನಕ್ಕ.

"ಚಾಷ್ಟಿ ಅಲ್ಲಪಾ." ವೈನಿ ದಿಂಬುಗಳನ್ನು ಹಾಸಿನ ತಲೆಗಿಟ್ಟರು. "ನಾ ಅಲ್ಲಿ ಇವತ್ತ ಮೊದಲ ಸಲ ಮಲಗಾಕತ್ತೀನಿ."

ಹುಡುಗರು ಬ್ಯಾಗು ಹೊರಗೆ ತಂದರು.

ಮರುದಿನ ಬೆಳಿಗ್ಗೆ ನಾನು ಹೋದಾಗ ಬಾಗಿಲು ತೆರೆದ ಅಳಿಯ ತುಟಿಯ ಮೇಲೆ ಬೆರಳಿಟ್ಟ. "ಅತ್ತಿ ಇನ್ನಾ ಎದ್ದಿಲ್ಲರಿ ಕಾಕಾ." ಅಡುಗೆಮನೆಯಲ್ಲಿ ಗೆಳೆಯರಿಬ್ಬರು ಪಿಸುಗುಟ್ಟುತ್ತ ಸಕ್ಕರೆ ಡಬ್ಬಿ ಹುಡುಕುತ್ತಿದ್ದರು. ಆ ಮನೆಯಲ್ಲಿ ಬೇರೆಯವರ ಕೈಯ ಚಹಾ ಕುಡಿದದ್ದು ನಾನು ಅಂದೇ ಮೊದಲು. ಕುದಿದು ಕಹಿಯಾಗಿತ್ತು. ಕಪ್ಪು-ಬಸಿ ಒಂದಕ್ಕೊಂದು ತಗುಲಿ ಸದ್ದಾಗದಂತೆ ಎಲ್ಲರೂ ನಿಂತೇ ಕುಡಿದೆವು. ಬಿಸಿಲು ಅಂಗಳಕ್ಕೆ ಬಂದ ಮೇಲೆ ವೈನಿ ಎದ್ದರು. "ಅಯ್ಯ, ಇಷ್ಟೊತ್ತು ಮಲಗಿದೆನಽ?" ಎಂದು ನಾಚಿದರು.

ಆ ಹುಡುಗರಿಂದಲೇ ಇನ್ನೊಂದು ರೂಢಿ ಶುರುವಾಯಿತು. ಕೋಣೆಯ ಬಾಗಿಲಲ್ಲಿ ನಿಂತು "ಬರ್ಲೇನ್ರಿ?" ಎಂದು ಕೇಳಿಯೇ ಒಳಗೆ ಹೋಗುವುದು. ನಾವೆಲ್ಲ ಅದನ್ನೇ ಹಿಡಿದೆವು. ವೈನಿಗೆ ಅದರಲ್ಲಿ ಮಹಾ ಖುಷಿ. "ತಡೀ" ಎಂದು ಬೇಕೆಂದೇ ಕಾಯಿಸುವರು. ಹಗಲಾಗಿದ್ದರೂ ದೀಪ ಹಚ್ಚಿ, ಸೆರಗು ಸರಿಮಾಡಿ, ಮಂಚದ ಮೇಲೆ ನೆಟ್ಟಗೆ ಕೂತು, "ಈಗ ಬಾ" ಎನ್ನುವರು.

ಕೆಲವು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದಾಗ, ನೋಡಲು ಬರುವವರಿಗೆ ಅನುಕೂಲವಾಗಲಿ, ಪಡಸಾಲೆಗೆ ತನ್ನಿ ಎಂದರು ನೆಂಟರು. ಮಗಳು ಒಪ್ಪಲಿಲ್ಲ. "ಅವ್ವ ತನ್ನ ಖೋಲ್ಯಾಗ ಇರ್ತಾಳ. ಬಂದವರು ಕೇಳಿ ಒಳಗ ಹೋಗ್ರಿ" ಎಂದಳು.

ಕೊನೆಯ ಬೆಳಿಗ್ಗೆಯೂ ನಾನು ಬಾಗಿಲಲ್ಲಿ ನಿಂತು ಕೇಳಿದೆ. ವೈನಿಯ ಉತ್ತರ ಬರಲಿಲ್ಲ. ಮಂಚದ ಪಕ್ಕ ಕುಳಿತಿದ್ದ ಮಗಳು ಕಣ್ಣೊರೆಸಿಕೊಂಡು, "ಬರ್ರಿ ಕಾಕಾ" ಎಂದಳು.

ಖೋಲಿ ಅವಳದಲ್ಲ. ನಾನು ಹೊಸ್ತಿಲಾಚೆಯೇ ನಿಂತು ಇನ್ನೊಮ್ಮೆ ಕೇಳಿದೆ.