ಕೌದಿಯ ಹಿಂಬದಿ ನೋಡುತ್ತಿದ್ದ ಓಬಕ್ಕ

ಯಾವ ಬಟ್ಟೆ ಕಂಡರೂ ಓಬಕ್ಕ ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತಿದ್ದಳು. ಮೊಳಕಾಲ್ಮೂರಿನ ಅಂಗಡಿಯಲ್ಲಿ ನಾನು ರೇಷ್ಮೆ ಸೀರೆಯ ಬಣ್ಣಕ್ಕೆ ಮರುಳಾಗಿ ನಿಂತಿದ್ದರೆ, ಅವಳು ಸೆರಗು ತಿರುಗಿಸಿ ಕಣ್ಣಿಗೆ ಹತ್ತಿರ ಹಿಡಿದಿರುತ್ತಿದ್ದಳು. ಒಮ್ಮೆ ಮದುಮಗಳ ರವಿಕೆಯ ತೋಳನ್ನೇ ಮಡಚಿ ನೋಡಿ ಬೈಸಿಕೊಂಡಿದ್ದಳು. “ಮುಂದೆ ಎಲ್ರೂ ಚಂದಾನೇ ಮಾಡಿರ್ತಾರೆ ಟೀಚರಮ್ಮ. ಹೊಲಿದೋರ ಕೈ ನೋಡಬೇಕಂದ್ರೆ ಹಿಂದೆ ನೋಡ್ಬೇಕು” ಎನ್ನುತ್ತಿದ್ದಳು.

ನಾನು ಬಿ.ಜಿ. ಕೆರೆಯ ಶಾಲೆಗೆ ಬಂದಾಗ ಹಿಡಿದ ಬಾಡಿಗೆ ಮನೆ ಅವಳ ಮನೆಯ ಎದುರಿಗಿತ್ತು. ಹಳೆಯ ಸೀರೆ, ಪಂಚೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವಳು, ಆದರೂ ಗೆಳತಿಯೇ ಆಗಿಬಿಟ್ಟಳು. ಅವಳ ಪಕ್ಕದ ಮನೆಯ ಗಂಗಮ್ಮನೂ ಕೌದಿ ಹೊಲಿಯುತ್ತಿದ್ದಳು. ಅವರಿಬ್ಬರ ನಡುವೆ ಮಾತಿರಲಿಲ್ಲ. ಬಚ್ಚಲ ನೀರು ಹರಿದು ಹೋಗುವ ವಿಷಯಕ್ಕೆ ಹತ್ತಿದ ಜಗಳ ಎಂಟು ವರ್ಷವಾದರೂ ಆರಿರಲಿಲ್ಲ.

ಚಳ್ಳಕೆರೆಯಲ್ಲಿ ಕೌದಿ ಕಲೆಯ ಪ್ರದರ್ಶನ ಇದೆಯೆಂದು ತಿಳಿದು ಓಬಕ್ಕನನ್ನು ಕರೆದುಕೊಂಡು ಹೊರಟೆ. “ಕೌದೀನ ಗೋಡೆಗೆ ಹಾಕ್ತಾರಾ? ಗೋಡೆಗೇನು ಚಳಿ ಆಗ್ತೈತಾ?” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿದಳು.

ಒಳಗೆ ಹೋದವಳೇ ಒಂದೊಂದೇ ಕೌದಿಯ ಮುಂದೆ ನಿಲ್ಲತೊಡಗಿದಳು. ಒಂದು ಕೌದಿಯಲ್ಲಿ ಬಂಡೆಗುಡ್ಡ, ಇನ್ನೊಂದರಲ್ಲಿ ಕುರಿಹಿಂಡು. “ಕುರಿ ಉಣ್ಣೆಗೆ ಹಳೇ ಟವೆಲ್ ಹಾಕ್ಯಾಳೆ ನೋಡು, ಜಾಣೆ!” ಎಂದಳು. ಕೊನೆಯಲ್ಲಿ ಒಂದು ಮಾಸಿದ ಕೌದಿಗೆ ಹೊಸ ಬಟ್ಟೆಯ ಅಂಚು ಕೊಟ್ಟು ತೂಗುಹಾಕಿದ್ದರು. ಕೆಳಗಿನ ಚೀಟಿಯಲ್ಲಿ ‘ಸಂತೆಯಲ್ಲಿ ಸಿಕ್ಕ ಕೌದಿ. ಹೊಲಿದವರು ತಿಳಿದಿಲ್ಲ’ ಎಂದಿತ್ತು. ನಾನದನ್ನು ಓದಿ ಹೇಳುವಷ್ಟರಲ್ಲಿ ಓಬಕ್ಕ ಅದರ ಮೂಲೆ ಎತ್ತಿಯಾಗಿತ್ತು.

“ಅಮ್ಮಾ, ಮುಟ್ಟಬೇಡಿ!” ಎನ್ನುತ್ತ ಪ್ರದರ್ಶನ ಇಟ್ಟಿದ್ದ ಹುಡುಗಿ ಓಡಿಬಂದಳು.

ಓಬಕ್ಕ ಬಿಡಲಿಲ್ಲ. “ಇದು ಎಡಗೈ ಹೊಲಿಗೆ. ದಾರ ಮುಗಿದ ಕಡೆಗೆಲ್ಲ ಮೂರು ಗಂಟು ಬಿದ್ದೈತೆ. ಹಿಂಗೆ ಹೊಲಿಯೋಳು ಒಬ್ಬಳೇ ಇರೋದು.”

“ಯಾರಮ್ಮ? ಹೆಸರು ಹೇಳ್ತೀರಾ?” ಹುಡುಗಿ ಪೆನ್ನು ತೆಗೆದಳು.

ಎಡಗೈಯಲ್ಲಿ ಹೊಲಿಯುವವಳನ್ನು ನಮ್ಮ ಬೀದಿಯಲ್ಲಿ ದಿನವೂ ನೋಡುತ್ತಿದ್ದ ನನಗೆ ಯಾರೆಂದು ಹೊಳೆದಿತ್ತು. ಓಬಕ್ಕ ಆ ಗಂಟುಗಳ ಮೇಲೆ ಬೆರಳಾಡಿಸುತ್ತ ನಿಂತಳು. ಹೇಳಲಾರಳು ಎಂದೇ ಅಂದುಕೊಂಡೆ.

“ಗಂಗಮ್ಮ ಅಂತ. ಬಿ.ಜಿ. ಕೆರೆ. ಬರ್ಕೋ” ಎಂದಳು. ತುಸು ತಡೆದು, “ನನಗಿಂತ ಒಂದು ಕೈ ಮೇಲು. ಅದನ್ನ ಬರೀಬ್ಯಾಡ ಮತ್ತೆ.”

ಊರಲ್ಲಿ ಬಸ್ಸಿಳಿದವಳು ತನ್ನ ಮನೆ ದಾಟಿ ಗಂಗಮ್ಮನ ಬಾಗಿಲಲ್ಲಿ ನಿಂತಳು. “ಏ ಗಂಗಿ, ಚಳ್ಳಕೆರೆಯಾಗೆ ನಿನ್ ಹೆಸರು ಬರೆದು ಹಾಕ್ಯಾರೆ. ನೋಡಾಕೆ ಬರ್ತೀಯಾ?”

ಒಳಗೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, “ಯಾರು ಹೇಳಿ ಬರೆಸಿದ್ದು?” ಎಂಬ ದನಿ ಬಂತು.

“ಒಳಗೆ ಬಂದು ಹೇಳ್ಲಾ, ಇಲ್ಲೇ ನಿಂತು ಕೂಗ್ಲಾ?”

ಬಾಗಿಲು ತೆರೆಯಿತು. ನಾನು ನನ್ನ ಮನೆಗೆ ನಡೆದೆ.

ಮುಂದಿನ ಬೇಸಿಗೆ ರಜೆಗೆ ನಾನು ತವರಿಗೆ ಹೋಗಿದ್ದಾಗ ಗಂಗಮ್ಮ ಫೋನ್ ಮಾಡಿದಳು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ ಓಬಕ್ಕ ಮತ್ತೆ ಏಳಲಿಲ್ಲವಂತೆ. “ಈಗೀಗ ಮಾತು ಶುರುವಾಗಿತ್ತು, ಟೀಚರಮ್ಮ” ಎಂದಳು.  ಆಮೇಲೆ ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.