ಶನಿವಾರದ ಗಲತಿ

ಹರಳೆಣ್ಣೆಯಲ್ಲಿ ನೆನೆದ ಚರ್ಮಕ್ಕೆ ಒಂದು ವಾಸನೆಯಿದೆ. ಅದನ್ನು ಸುವಾಸನೆ ಎಂದು ಯಾರೂ ಹೇಳಲಾರರು. ಆದರೆ ಕೈಪಂಪುಗಳ ರಿಪೇರಿಯಲ್ಲೇ ನಲವತ್ತು ವರ್ಷ ಕಳೆದ ನನಗೆ ಅದು ಕಸುಬಿನ ವಾಸನೆ. ಹೋದ ತಿಂಗಳು ಬಸವಕಲ್ಯಾಣದ ನಮ್ಮ ಮನೆಯ ಅಟ್ಟದಿಂದ ಹಳೆಯ ಹತ್ಯಾರಗಳ ಪೆಟ್ಟಿಗೆಯನ್ನು ಇಳಿಸಿ ಮುಚ್ಚಳ ತೆಗೆದಾಗ ಅದೇ ವಾಸನೆ ಮುಖಕ್ಕೆ ಬಡಿಯಿತು. ತಳದಲ್ಲಿ, ಅಂಚು ಸವೆದು ಒಂದು ಬದಿ ಹರಿದ, ಬಟ್ಟಲಿನಾಕಾರದ ಚರ್ಮದ ವಾಷರ್ ಒಂದು ಬಿದ್ದಿತ್ತು. ಅದನ್ನು ಹುಡುಕಲೆಂದೇ ಪೆಟ್ಟಿಗೆ ಇಳಿಸಿದ್ದೆ. ಅದು ಇನ್ನೂ ಇದೆ ಎಂಬುದನ್ನು ನನ್ನ ಕಣ್ಣಿಗೆ ನಾನೇ ತೋರಿಸಿಕೊಳ್ಳಬೇಕಾಗಿತ್ತು.

ಹಿಂದಿನ ದಿನ ಹುಮನಾಬಾದಿಗೆ ಹೋಗಿದ್ದೆ. ಅಲ್ಲಿಯ ಹಳೆಯ ಮಿಷನ್ ಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರು, ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ‘ಅಕ್ಕೋರು’ ಆಗಿದ್ದವರು, ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ನೆನಪಿನ ಪ್ರಾರ್ಥನೆ. ಈಚೆಗೆ ಬಂದ ತರುಣ ಪಾಸ್ಟರರು ಅಕ್ಕೋರ ಬದುಕನ್ನು ಬಣ್ಣಿಸುತ್ತ ಒಂದು ಪವಾಡವನ್ನು ಹೇಳಿದರು. ಒಂದು ಬೇಸಿಗೆ ಶಾಲೆಯ ಕಾಂಪೌಂಡಿನ ಬೋರಿಂಗ್, ಅಂದರೆ ಕೈಪಂಪಿನ ಬೋರು, ಪೂರ್ತಿ ಬತ್ತಿತ್ತಂತೆ. ರಿಪೇರಿಯ ಮಿಸ್ತ್ರಿಯೇ ಕೈಚೆಲ್ಲಿದ್ದನಂತೆ. ಅಕ್ಕೋರು ಐದು ವಾರ ಪ್ರಾರ್ಥಿಸಿದರಂತೆ. ಆರನೆಯ ವಾರ ಬತ್ತಿದ ನೆಲದೊಳಗಿಂದ ನೀರು ಚಿಮ್ಮಿತಂತೆ. ಸಭೆ ‘ಆಮೆನ್’ ಎಂದಿತು.

ಆ ಮಿಸ್ತ್ರಿ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಅವನು ನಾನು. ನಡೆದದ್ದನ್ನು ಕಂಡವರೆಲ್ಲ ಈಗ ಊರೂರಿಗೆ ಚದುರಿಹೋಗಿದ್ದರು, ಅವರ ಪೈಕಿ ಅಂದು ಅಲ್ಲಿದ್ದವನು ನಾನೊಬ್ಬನೇ. ಆದರೂ ಏಳಲಿಲ್ಲ, ಬಾಯಿ ತೆರೆಯಲಿಲ್ಲ.

ಪಾಸ್ಟರರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಅವರು ಕೇಳಿದ್ದನ್ನು ಹೇಳಿದರು. ಆದರೆ ನಡೆದದ್ದು ಅದಲ್ಲ. ನಡೆದದ್ದು ಆ ಪವಾಡಕ್ಕಿಂತ ದೊಡ್ಡದು ಎಂದು ನನ್ನ ನಂಬಿಕೆ. ಅದನ್ನು ನಡೆದಂತೆಯೇ ಹೇಳುವ ಹೊಣೆ ಒಮ್ಮೆ ನನ್ನ ಕೈಗೆ ಬಂದಿತ್ತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಓದಿದ್ದೆಲ್ಲ ಆಮೇಲೆ, ಗ್ರಂಥಾಲಯದ ಬೆಂಚಿನ ಮೇಲೆ, ಯಾರೂ ಹೇಳಿಕೊಡದೆ. ಕಸುಬು ಕಲಿಸಿದ ಪಾಠ ಒಂದೇ: ಜನ ಹೇಳಿದ್ದನ್ನು ನಂಬಬೇಡ, ಪೈಪು ಎತ್ತಿ ನೋಡು. ಮೋರಖಂಡಿಯಲ್ಲಿ ಒಮ್ಮೆ, ಪಕ್ಕದ ಹೊಲದವನು ಹೊಸ ಬೋರು ಕೊರೆಸಿದ್ದರಿಂದ ತಮ್ಮ ನೀರು ಅತ್ತ ಹರಿದುಹೋಯಿತೆಂದು ಇಡೀ ಓಣಿ ಬಡಿದಾಟಕ್ಕೆ ನಿಂತಿತ್ತು. ನಾನು ಪೈಪುಗಳನ್ನು ಎತ್ತಿಸಿದೆ. ಏಳನೆಯದರಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅಂದಿನಿಂದ ಪುರಾಣವಾಗಲಿ, ಇತಿಹಾಸವಾಗಲಿ, ಬೀಗರ ಮಾತಾಗಲಿ, ಪೈಪು ಎತ್ತದೆ ಒಪ್ಪಿದವನಲ್ಲ. ಹಾಗೆಂದು ಊರೂರಲ್ಲಿ ಹೇಳಿಕೊಂಡು ತಿರುಗುತ್ತಲೂ ಇದ್ದೆ.

ಏಳೆಂಟು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಆ ಕಾಂಪೌಂಡಿನಿಂದ ಕರೆ ಬಂದಿತು. ಒಂದು ಶನಿವಾರ ಮಧ್ಯಾಹ್ನದ ಮೇಲೆ ತಲುಪಿದೆ. ಪೈಪು ಎತ್ತಲು ಗೊತ್ತುಮಾಡಿದ್ದ ಇಬ್ಬರು ಕೂಲಿಯವರು ಊಟಕ್ಕೆ ಹೋಗಿದ್ದರು. ಪಂಪಿನಿಂದ ಇಪ್ಪತ್ತು ಹೆಜ್ಜೆಯಾಚೆ ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಶನಿವಾರದ ಚರ್ಚೆಗೆ ಕೂಡಿದ್ದ ಕಾಂಪೌಂಡಿನ ಎಂಟು ಹತ್ತು ಜನ. ನಡುವೆ ಬಿಳಿ ನೂಲಿನ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಶಾಲೆಯ ಮರದ ರೂಲರ್ ಹಿಡಿದ ಅಕ್ಕೋರು. ಆಗಲೇ ಎಪ್ಪತ್ತು ದಾಟಿದ್ದಿರಬೇಕು. ಮಾತನಾಡುವವರ ಸರದಿಯನ್ನು ಆ ರೂಲರಿನಿಂದಲೇ ತೋರಿಸುತ್ತಿದ್ದರು.

ಚರ್ಚೆ ನಡೆದದ್ದು ಒಬ್ಬ ಕ್ರೈಸ್ತ ದಾರ್ಶನಿಕರ ಬಗ್ಗೆ. ಹದಿನಾರು ನೂರು ವರ್ಷಗಳ ಹಿಂದೆ ಆಫ್ರಿಕದ ಉತ್ತರ ತೀರದಲ್ಲಿ ಬಿಷಪ್ಪರಾಗಿದ್ದವರು. ಗುಂಪಿನಲ್ಲಿದ್ದ ದವಾಖಾನೆಯ ಸಿಸ್ಟರ್ ಅವರಿಗೆ ‘ಆಫ್ರಿಕಾ ಮುತ್ಯಾ’, ಅಂದರೆ ಆಫ್ರಿಕದ ಅಜ್ಜ, ಎಂದು ಹೆಸರಿಟ್ಟಿದ್ದಳು. ಆ ಬೇಸಿಗೆ ಮುಗಿಯುವವರೆಗೂ ಅವರು ನಮಗೆ ಮುತ್ಯಾನೇ ಆಗಿದ್ದರು. ಚಿಕ್ಕವನಿದ್ದಾಗ ಹಸಿವಿಲ್ಲದೆ, ಬರಿಯ ಮೋಜಿಗೆ, ನೆರೆಯವರ ಗಿಡದ ಹಣ್ಣು ಕದ್ದು ಹಂದಿಗಳಿಗೆ ಎಸೆದದ್ದನ್ನು ದೊಡ್ಡವನಾದ ಮೇಲೂ ಅವರು ಮರೆಯಲಿಲ್ಲ, ಎಲ್ಲರೂ ಓದುವಂತೆ ಬರೆದಿಟ್ಟರು ಎಂದು ಅಕ್ಕೋರು ವಿವರಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಪೈಪು ತಿರುಗಿಸುವ ಪಾನಾ ಹಿಡಿದುಕೊಂಡೇ ಹತ್ತಿರ ಹೋದೆ.

“ಅದನ್ನ ಕಂಡವರು ಯಾರದಾರ್ರಿ? ಕದ್ದಾಂವನೂ ಅಂವನೇ, ಸಾಕ್ಷಿನೂ ಅಂವನೇ. ಸಣ್ಣ ಕಳವು ಹೇಳಿ ದೊಡ್ಡದು ಮುಚ್ಚಿಟ್ಟಿರಬೇಕು.”

ಸಿಸ್ಟರ್ ಬಾಯಿಗೆ ಕೈ ಹಿಡಿದಳು. “ಯಪ್ಪಾ! ಬೋರಿಂಗ್ ರಿಪೇರಿಗಿ ಬಂದು ಮುತ್ಯಾನ್ನೇ ಬಿಚ್ಚಾಕತ್ತಾರಲ್ರಿ ಈ ಕಾಕಾ!”

ಅಕ್ಕೋರು ನಗಲಿಲ್ಲ. ರೂಲರಿನಿಂದ ಕಟ್ಟೆಯ ಖಾಲಿ ಕಲ್ಲನ್ನು ತೋರಿಸಿದರು. “ಪ್ರಶ್ನಿ ಚೊಲೊ ಐತ್ರಿ, ಮಿಸ್ತ್ರಿಯವರ. ಆದ್ರ ನಿಂತು ಕೇಳಿದ ಪ್ರಶ್ನಿಗಿ ಇಲ್ಲಿ ಉತ್ತರ ಕೊಡಂಗಿಲ್ಲ. ಕುಂದರ್ರಿ.”

ಕುಳಿತೆ. ನನ್ನ ಪ್ರಶ್ನೆ ಚೆನ್ನಾಗಿದೆ ಎಂದು ಅದಕ್ಕೆ ಮೊದಲು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ವಾದ ರಂಗೇರಿತು. ಕೂಲಿಯವರು ಊಟ ಮುಗಿಸಿ ಬಂದು, “ಎತ್ತೂಣೇನ್ರಿ ಮಿಸ್ತ್ರಿ?” ಎಂದರು. ಬರುವಾಗ ಹಿಡಿಕೆಯನ್ನು ಹತ್ತು ಸಲ ಒತ್ತಿ ನೋಡಿದ್ದೆ, ನೀರು ಬಂದಿರಲಿಲ್ಲ. ಕಟ್ಟೆ ಬಿಟ್ಟು ಏಳಲು ಮನಸ್ಸಾಗಲಿಲ್ಲ. “ಬ್ಯಾಡ. ನೀರು ತಳಕ್ಕ ಇಳದೈತಿ. ಮಳಿ ಆದಮ್ಯಾಗ ನೋಡೂಣು, ನಡೀರಿ” ಎಂದುಬಿಟ್ಟೆ.

ಜನ್ಮವಿಡೀ ಪೈಪು ಎತ್ತಿದವನು ಅಂದು ಎತ್ತಲಿಲ್ಲ. ಸತ್ಯದ ಬಗ್ಗೆ ವಾದ ಮಾಡುವ ಅವಸರದಲ್ಲಿ ಎತ್ತಲಿಲ್ಲ.

ಆಮೇಲೆ ಪ್ರತಿ ಶನಿವಾರ ಬಸ್ಸು ಹತ್ತಿದೆ. ನನ್ನ ಹೆಂಡತಿಗೆ ನಗು. “ಶರಣರ ಊರಾಗ ಮಾತಾಡಾಕ ಜಾಗಾ ಸಿಗಲಿಲ್ಲೇನ್ರಿ ನಿಮಗ? ಹುಮನಾಬಾದಿಗಿ ಹೋಗಬೇಕಾ?”

“ಇಲ್ಲಿ ನಾ ಏನಂದ್ರೂ ಹೌದ್ರಿ ಅಂತಾರ. ಅಲ್ಲಿ ಅನ್ನಂಗಿಲ್ಲ.”

ಅಲ್ಲಿ ನಿಜಕ್ಕೂ ಅನ್ನುತ್ತಿರಲಿಲ್ಲ. ತೊಟ್ಟಿಲ ಕೂಸಿನಲ್ಲೂ ಪಾಪದ ಬೇರಿದೆ ಎಂಬ ಮುತ್ಯಾನ ಮಾತನ್ನು ನಾನು ಎರಡು ಶನಿವಾರ ಜಗ್ಗಾಡಿದೆ. ಅಕ್ಕೋರು ತಮ್ಮ ಧರ್ಮದ ಹಿರಿಯರೆಂದು ಅವರ ಪಕ್ಷ ವಹಿಸಲಿಲ್ಲ. “ನನಗೂ ಈ ಮಾತು ಪೂರಾ ಒಪ್ಪಿಗಿಲ್ರಿ. ಆದ್ರ ಮುತ್ಯಾ ಯಾಕ ಹಂಗಂದಾ, ಅದನ್ನ ಅಂವಾ ಹೌದು ಅನ್ನೂ ಹಂಗ ಮೊದಲ ಹೇಳ್ರಿ. ಆಮ್ಯಾಲ ಎಷ್ಟ ಬೇಕಾದ್ರೂ ಬೈರಿ” ಎಂದರು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಎದುರಿಸುವುದು... ಅದನ್ನು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ಆ ಕಟ್ಟೆಗೆ ಇನ್ನೊಂದು ರೂಢಿಯಿತ್ತು. ಮುತ್ಯಾ ಮುದುಕನಾದ ಮೇಲೆ ತಾನು ಬರೆದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಮತ್ತೆ ಓದಿ, ಎಲ್ಲೆಲ್ಲಿ ತಪ್ಪಿದ್ದೇನೆಂದು ತಾನೇ ಬರೆದಿಟ್ಟನಂತೆ. ಅದಕ್ಕಾಗಿ ಅಕ್ಕೋರು ಪ್ರತಿ ಶನಿವಾರ ಮಾತು ಶುರುವಾಗುವ ಮೊದಲು ರೂಲರನ್ನು ಸುತ್ತ ತಿರುಗಿಸುತ್ತಿದ್ದರು: ಹೋದ ವಾರದ ನಿಮ್ಮ ಗಲತಿ ಏನು? ಹೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಹಸಿರು ಮಸಿಯಿಂದ ಬರೆದುಕೊಳ್ಳುತ್ತಿದ್ದರು. “ಮುತ್ಯಾನ ತಾಯಿ ಬರೇ ಅಳಕೋತ ಕುಂತಾಕಿ ಅಂದಿದ್ದೆ. ಗಲತಿ. ಆಕಿ ಮಗನ ಬೆನ್ನ ಹತ್ತಿ ಸಮುದ್ರ ದಾಟಿದಾಕಿ” ಎಂದು ಸಿಸ್ಟರ್ ಒಮ್ಮೆ ಹೇಳಿದಳು. ರೂಲರ್ ನನ್ನ ಕಡೆ ಬಂದಾಗ ನಾನು, “ನಂದೇನೂ ಇಲ್ರಿ” ಎನ್ನುತ್ತಿದ್ದೆ. ಅಕ್ಕೋರು ನನ್ನ ಪಾಲಿಗೆ ಬರಿಯ ಒಂದು ಗೆರೆ ಎಳೆಯುತ್ತಿದ್ದರು. ನಾಲ್ಕು ಶನಿವಾರ, ನಾಲ್ಕು ಗೆರೆ.

“ಕಾಕಾ, ನಿಮ್ಮ ಪೈಪಿನ್ಯಾಗ ತೂತೇ ಬೀಳಂಗಿಲ್ಲೇನ್ರಿ?” ಎಂದು ಸಿಸ್ಟರ್ ಕೆಣಕಿದಳು.

“ಊರವರ ಪೈಪಿನ್ಯಾಗ ಬೀಳ್ತಾವ” ಎಂದೆ. ಎಲ್ಲರೂ ನಕ್ಕರು. ನಾನೂ ಹಿಗ್ಗಿದೆ.

ಐದನೆಯ ಶನಿವಾರ ಸ್ವಲ್ಪ ಬೇಗ ತಲುಪಿದೆ. ಹೆದ್ದಾರಿಯಾಚೆಯ ನಲ್ಲಿಯಿಂದ ಅಕ್ಕೋರು ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಲಾರಿಗಳ ನಡುವೆ ಸಂದು ನೋಡಿ ನೋಡಿ ರಸ್ತೆ ದಾಟಿ ಬರುತ್ತಿದ್ದರು. ಹಿಂದೆ ಸಿಸ್ಟರ್, ಅವಳ ಹಿಂದೆ ವಾಚಮನ್ನನ ಹೆಂಡತಿ. ನಾಲ್ಕು ವಾರದಿಂದ ನಾನು ಆ ಕಟ್ಟೆಯ ಮೇಲೆ ಕುಡಿದ ಚಹಾ ಯಾವ ನೀರಿನದೆಂದು ಆಗ ತಿಳಿಯಿತು. ಅವರು ಕಾಣದಂತೆ ಪಂಪಿನ ಬಳಿ ಹೋಗಿ ಹಿಡಿಕೆ ಒತ್ತಿದೆ, ನಿಧಾನಕ್ಕೆ, ಕಣ್ಣು ಮುಚ್ಚಿ. ತಳದಲ್ಲಿ ಏನೋ ಹಿಡಿದು, ಹಿಡಿದಂತೆಯೇ ಜಾರುತ್ತಿತ್ತು. ತಳದಲ್ಲಿ ನೀರಿದೆ ಎಂದು ನನ್ನ ಅಂಗೈಗೆ ಅರ್ಥವಾಯಿತು. ತಲೆ ಒಪ್ಪಲಿಲ್ಲ. ಅಂದು ಚಹಾ ಬೇಡವೆಂದೆ.

ಮುಂದಿನ ಶುಕ್ರವಾರ ಹೊಸ ವಾಷರ್ ಒಂದನ್ನು ಹರಳೆಣ್ಣೆಯಲ್ಲಿ ನೆನೆಹಾಕಿದೆ. ಅದೇ ಮಧ್ಯಾಹ್ನ ಸುತ್ತಲ ಊರಿಗೆಲ್ಲ ಗುಡುಗು ಸಹಿತ ಮಳೆ ಬಿತ್ತು. ಶನಿವಾರ ಮೊದಲ ಬಸ್ಸಿಗೆ ಹೋಗಿ, ಕೂಲಿಯವರನ್ನು ಕರೆದು ಪೈಪುಗಳನ್ನು ಎತ್ತಿಸಿದೆ. ಕೆಳಗಿನ ಪೈಪುಗಳು ತೊಯ್ದೇ ಇದ್ದವು. ಸಿಲಿಂಡರ್ ಬಿಚ್ಚಿದರೆ ನೀರನ್ನು ಹಿಡಿದು ಮೇಲೆತ್ತುವ ಹಳೆಯ ವಾಷರ್ ಹರಿದಿತ್ತು. ನೀರು ಎಲ್ಲಿಗೂ ಹೋಗಿರಲಿಲ್ಲ.

ಹೊತ್ತು ಏರುವಷ್ಟರಲ್ಲಿ ನೀರು ಬಂದಿತು. ಕಾಂಪೌಂಡಿನವರೆಲ್ಲ ಓಡಿ ಬಂದರು. “ಮಿಸ್ತ್ರಿ ಹೇಳಿದಂಗೇ ಆತ ನೋಡ್ರಿ! ಮಳಿ ಬಿದ್ದ ಕೂಡ್ಲೇ ನೀರು ಏರ್ತು” ಎಂದು ವಾಚಮನ್ ಸಾರಿದ. ಒಂದು ಗುಡುಗು ಮಳೆಗೆ ಬೋರಿನ ನೀರು ಏರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ನನ್ನ ಹೆಸರು ಉಳಿಸುವ ಕಥೆಯನ್ನು ಜನರೇ ಕಟ್ಟಿ ಕೈಗಿತ್ತಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು. ಹರಿದ ವಾಷರ್ ಅಂಗಿಯ ಜೇಬಿನಲ್ಲಿತ್ತು. ಸಂಜೆಯವರೆಗೂ ಅದರ ಎಣ್ಣೆ ಎದೆಗೆ ಇಳಿಯುತ್ತಿತ್ತು...

ಸಂಜೆ ರೂಲರ್ ಸುತ್ತಿ ನನ್ನ ಮುಂದೆ ಬಂದಿತು. “ಇವತ್ತೂ ಗೆರಿನೇ ಏನ್ರಿ, ಮಿಸ್ತ್ರಿಯವರ?”

ವಾಷರನ್ನು ತೆಗೆದು ಅವರ ನೋಟುಬುಕ್ಕಿನ ಮೇಲಿಟ್ಟೆ. “ನೀರು ಇಳದಿದ್ದಿಲ್ರಿ. ಮಳಿಗಿ ಏರಿದ್ದೂ ಅಲ್ಲ. ಈ ಚರ್ಮ ಹರದಿತ್ತು. ಪೈಪ್ ಎತ್ತಲಾರದನ ಹೇಳಿಬಿಟ್ಟೆ ನಾ. ಐದು ವಾರ ನೀವು ಹೊತ್ತದ್ದು ನನ್ನ ಗಲತಿ.”

ಅಕ್ಕೋರು ಬರೆದುಕೊಂಡರು. ಬರೆದು ಮುಗಿದ ಮೇಲೂ ಪೆನ್ನು ಕೆಳಗಿಡಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಹೇಳಿದರು: “ನಂದೂ ಒಂದೈತಿ. ಎರಡನೇ ವಾರನೇ ಹಿಂದಿನ ಹಾಳ ಬಾವ್ಯಾಗ ಹಗ್ಗ ಇಳಿಸಿ ನೋಡಿದ್ದೆ. ನೀರು ಹೋದ ವರ್ಷದಷ್ಟೇ ಇತ್ತು. ಮಿಸ್ತ್ರಿ ತಪ್ಪ್ಯಾರ ಅಂತ ಆವತ್ತೇ ಗೊತ್ತಾತು. ಹೇಳಲಿಲ್ಲ. ತಾವೇ ಬಂದು ಒಪ್ಪಕೊಳ್ಳಲಿ ಅಂತ ಕಾಯ್ದೆ. ಒಬ್ಬರಿಗಿ ಪಾಠ ಕಲಸೂ ಹಟಕ್ಕ ಇವರೆಲ್ಲಾರ ಕಡಿಂದ ನೀರು ಹೊರಿಸಿದೆ. ಇದು ಅವರ ಗಲತಿಗಿಂತ ದೊಡ್ಡದು.”

ಕಾಂಪೌಂಡಿನ ಅರ್ಧ ಜನ ಅವರ ಕೈಯಲ್ಲಿ ಅಕ್ಷರ ಕಲಿತವರು. ಅವರೆಲ್ಲರ ಎದುರಿಗೆ ಆ ಮಾತನ್ನು ಧ್ವನಿ ತಗ್ಗಿಸದೆ ಹೇಳಿದರು.

ಸಿಸ್ಟರ್ ಎದ್ದು ಸೊಂಟಕ್ಕೆ ಕೈಯಿಟ್ಟಳು. “ಅಂದ್ರ ನೀವಿಬ್ಬರೂ ಸೇರಿ ನನ್ನ ಸೊಂಟಾ ಮುರದ್ರೇನು! ಮುತ್ಯಾ ಹಣ್ಣರೇ ಕದ್ದಾ, ನೀವು ನನ್ನ ಐದು ವಾರ ಕದ್ರಲ್ರಿ!” ಕಟ್ಟೆಯೇ ಅಲುಗುವಂತೆ ನಗೆ ಎದ್ದಿತು. ಅಕ್ಕೋರು ಕಣ್ಣೀರು ಬರುವವರೆಗೆ ನಕ್ಕರು. ಬಾವಿಯ ಮಟ್ಟಕ್ಕೂ ಬೋರಿನ ಮಟ್ಟಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎಂದು ನಾನು ಅಲ್ಲೂ ವಾದ ತೆಗೆದೆ, ಈಗಲೂ ತೆಗೆಯಬಲ್ಲೆ.

ಹೊರಡುವಾಗ ಅಕ್ಕೋರು ವಾಷರನ್ನು ನನ್ನ ಕೈಗೆ ಮರಳಿಸಿದರು. “ಇಟಗೋರಿ ಇದನ್ನ. ಮುಂದ ಯಾರರೇ ನನ್ನ ದೊಡ್ಡಾಕಿ, ದೇವರಂಥಾಕಿ ಅಂದ್ರ ತಗದು ತೋರಸ್ರಿ.”

ಇನ್ನೂ ಮೂರು ಬೇಸಿಗೆ ಆ ಕಟ್ಟೆ ನಡೆಯಿತು. ನನ್ನ ಪಾಲಿನ ಗೆರೆಗಳು ಕಡಿಮೆಯಾದವು. ಕೊನೆಯ ಬೇಸಿಗೆ ಅವರ ಕಣ್ಣು ಮಂಜಾಗಿತ್ತು. ಮುತ್ಯಾನ ಬಗೆಗಿನ ಪುಟಗಳನ್ನು ನಾನು ಓದುತ್ತಿದ್ದೆ, ಅವರು ರೂಲರಿನಿಂದ ನನ್ನನ್ನು ತಡೆದು ಪ್ರಶ್ನೆ ಕೇಳುತ್ತಿದ್ದರು. ಏಳನೆಯ ಇಯತ್ತೆಯವನು ಓದಿ ಹೇಳುವುದನ್ನು ಪದವೀಧರರು ಕೇಳುತ್ತಿದ್ದರು. ನನಗೆ ಬಂದ ಸನ್ಮಾನ ಇದ್ದರೆ ಅದೊಂದೇ. ಆ ಕಟ್ಟೆಯ ಮೇಲೆ ನನಗೂ ಒಂದು ಕಲ್ಲಿತ್ತು ಎಂದು ಹೇಳುವಾಗ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಅವರು ಹೋದ ಸುದ್ದಿ ನನಗೆ ಮುಟ್ಟಿದ್ದು ಎರಡು ದಿನ ತಡವಾಗಿ. ನಾನು ತಲುಪುವಷ್ಟರಲ್ಲಿ ಸಮಾಧಿಯ ಮಣ್ಣು ಒಣಗಿತ್ತು...

ಸಿಸ್ಟರ್ ಈಗ ಮನ್ನಾಏಖೇಳ್ಳಿಯ ದವಾಖಾನೆಯಲ್ಲಿದ್ದಾಳೆ. ಪವಾಡದ ಕಥೆಯನ್ನು ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ನಕ್ಕಳು. ಆಮೇಲೆ ದನಿ ಬದಲಾಯಿತು. “ಕಾಕಾ, ನೀವು ಅಲ್ಲೇ ಇದ್ರಿ. ಯಾಕ ಸುಮ್ನ ಕುಂತ್ರಿ?”

ಅಷ್ಟು ಜನ ಕಣ್ಣು ಒರೆಸಿಕೊಳ್ಳುತ್ತಿರುವಾಗ ಹರಿದ ಚರ್ಮದ ಮಾತು ಎತ್ತಲು ನಾಚಿಕೆಯಾಯಿತು. ಅಷ್ಟೇ.

ನಾಳೆ ಶನಿವಾರ. ವಾಷರನ್ನು ಜೇಬಿಗೆ ಹಾಕಿಕೊಂಡು ಹುಮನಾಬಾದಿನ ಬಸ್ಸು ಹತ್ತಲಿದ್ದೇನೆ. ತರುಣ ಪಾಸ್ಟರರನ್ನು ಬೇವಿನ ಕಟ್ಟೆಗೆ ಕರೆದು, ಕುಳಿತುಕೊಂಡೇ ಹೇಳಬೇಕೆಂದಿದ್ದೇನೆ: ಆ ಹೆಂಗಸು ಬತ್ತಿದ ನೆಲದಿಂದ ನೀರು ತರಿಸಲಿಲ್ಲ, ತಾನು ಕಲಿಸಿದವರ ಎದುರಿಗೆ ತನ್ನ ತಪ್ಪನ್ನು ತಾನೇ ಎತ್ತಿ ತೋರಿಸಿದಳು. ಇವೆರಡರಲ್ಲಿ ಹೆಚ್ಚು ಅಪರೂಪದ್ದು ಯಾವುದೆಂದು ಅವರೇ ಯೋಚಿಸಲಿ.

ನನ್ನ ಗಲತಿ ಇಷ್ಟು: ನೆನಪಿನ ಪ್ರಾರ್ಥನೆಯ ದಿನ ನಾನು ಎದ್ದು ನಿಲ್ಲಲಿಲ್ಲ. ಹಸಿರು ಮಸಿಯಲ್ಲಿ ಬರೆದುಕೊಳ್ಳುವವರು ಈಗಿಲ್ಲ. ಆದ್ದರಿಂದ ನಾನೇ ಬರೆದಿಟ್ಟಿದ್ದೇನೆ.